ಇಂಗ್ಲೀಷಿನ ಜೋಡುಕ್ರಿಯೆಗಳೂ ವಿಜ್ಞಾನದ ವಿದ್ಯಾರ್ಥಿಯೂ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ಸೇರಿದ ವಿದ್ಯಾರ್ಥಿಗೆ ಇಂಗ್ಲೀಷು ತೊಡಕಾಗುತ್ತದೆಂಬುದು ಹಳೆಯ ಮಾತು. ಆದರೆ ಆ ತೊಡಕು ಇರುವುದೆಲ್ಲಿ ಎಂಬ ವಿಷಯದಲ್ಲಿ ಸಾಮಾನ್ಯವಾಗಿ ಪ್ರಚಾರದಲ್ಲಿರುವ ಕಲ್ಪನೆ ಸರಿಯಾದುದಲ್ಲವೆಂದು ನಮ್ಮ ಅಭಿಪ್ರಾಯ. ‘ಥರ್ಮೋಡೈನಮಿಕ್ಸ್’, ‘ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಡಕ್ಷನ್’ ಮುಂತಾದ ಉದ್ದುದ್ದನೆಯ ಪದಗಳೇ ಹುಡುಗರನ್ನು ಹೆದರಿಸುತ್ತವೆಂದು ತಂದೆತಾಯಿಗಳೂ, ಎಷ್ಟೋ ವೇಳೆ ಉಪಾಧ್ಯಾಯರೂ ನಂಬಿದ್ದಾರೆ. ಶಿವಮೊಗ್ಗ ಭದ್ರಾವತಿಗಳ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರವನ್ನು ಹೇಳಿಕೊಡುತ್ತಿರುವ ನಮಗೆ ಕಂಡುಬಂದುದು ಬೇರೆ. ಉದ್ದನೆಯ ಪದಕ್ಕೆ ಪುಸ್ತಕದಲ್ಲಿಯೇ ಲಕ್ಷಣವಾಕ್ಯವಿರುತ್ತದೆ. ಉಪಾಧ್ಯಾಯರು ಅದನ್ನು ಕರಿಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಎರಡು ಸಲ ಹೇಳುತ್ತಾರೆ. ವಿದ್ಯಾರ್ಥಿಯು ಅದನ್ನು ಒಂದು ವಾರದಲ್ಲಿ ತನ್ನದಾಗಿ ಮಾಡಿಕೊಳ್ಳುತ್ತಾನೆ. ಯಾರೂ ಬರೆಯದ, ಯಾರೂ ವಿವರಿಸದ, ಎಲ್ಲರಿಗೂ ಗೊತ್ತಿದೆಯೆಂದು ಎಲ್ಲರೂ ಭಾವಿಸುವ ಸಣ್ಣ ಕ್ರಿಯಾಪದಗಳಲ್ಲಿಯೇ ಅವನು ಎಡವುವುದು.

ಒಂದು ಉದಾಹರಣೆ. ‘ದಿ ರಿಯಾಕ್ಷನ್ ಗಿವ್ಸ್ ಆಫ್ ಹೀಟ್’ ಎಂಬ ವಾಕ್ಯಕ್ಕೆ ಅರ್ಥ ಹೇಳಬೇಕೆಂದು ಕೇಳಿದಾಗ, ‘ಕ್ರಿಯೆಯು ಉಷ್ಣವನ್ನು ನಿಲ್ಲಿಸುತ್ತದೆ’ ಎಂದು ಬರೆದವರನ್ನು ನಾವು ಕಂಡಿದ್ದೇವೆ. ಇವರು ದಡ್ಡರಲ್ಲ. ಇವರ ತರ್ಕದಲ್ಲಿ ಲೋಪವೇನೂ ಇಲ್ಲ. ನಮ್ಮ ಮನೆಗಳಲ್ಲಿ ‘ಆಫ್’ ಎಂದರೆ ಆರಿಸುವುದು, ನಿಲ್ಲಿಸುವುದು. ದೀಪವನ್ನು ‘ಆಫ್’ ಮಾಡುತ್ತೇವೆ, ಪಂಪನ್ನು ‘ಆಫ್’ ಮಾಡುತ್ತೇವೆ. ಹಾಗಿರುವಲ್ಲಿ ‘ಗಿವ್ಸ್ ಆಫ್’ ಎಂದರೆ ಉಷ್ಣವು ಹೊರಸೂಸುತ್ತದೆ ಎಂದು ಯಾರಿಗೆ ಹೊಳೆಯಬೇಕು? ಅರ್ಥವು ಸ್ವಲ್ಪ ಮಸುಕಾಗಿದ್ದರೆ ಚಿಂತೆಯಿರಲಿಲ್ಲ; ಇಲ್ಲಿ ಅದು ತಲೆಕೆಳಗಾಗಿ ನಿಂತಿದೆ. ಭಾಷೆಯ ತಪ್ಪು ಭೌತಶಾಸ್ತ್ರದ ತಪ್ಪಾಗಿ ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇಂಥ ನಾಲ್ಕಾರು ಪ್ರಸಂಗಗಳಾದ ಮೇಲೆ ‘ನನಗೆ ವಿಜ್ಞಾನ ಹತ್ತುವುದಿಲ್ಲ’ ಎಂದು ಹುಡುಗನು ತಾನೇ ತೀರ್ಪು ಕೊಟ್ಟುಕೊಂಡು ಬೇರೆ ವಿಭಾಗಕ್ಕೆ ಹೊರಟುಬಿಡುತ್ತಾನೆ.

ಈ ‘ಆಫ್’ ಎಂಬುದರ ಚೇಷ್ಟೆ ಇಷ್ಟಕ್ಕೆ ಮುಗಿಯುವುದಿಲ್ಲ. ‘ದಿ ಲೈಟ್ ವೆಂಟ್ ಆಫ್’ ಎಂದರೆ ದೀಪ ಆರಿತು. ‘ದಿ ಅಲಾರಂ ವೆಂಟ್ ಆಫ್’ ಎಂದರೆ ಗಡಿಯಾರದ ಗಂಟೆ ಬಾರಿಸಿತು. ‘ದಿ ಗನ್ ವೆಂಟ್ ಆಫ್’ ಎಂದರೆ ಕೋವಿ ಹಾರಿತು. ‘ದಿ ಮಿಲ್ಕ್ ವೆಂಟ್ ಆಫ್’ ಎಂದರೆ ಹಾಲು ಕೆಟ್ಟಿತು. ಒಂದು ಕಡೆ ನಿಲ್ಲುವುದು, ಒಂದು ಕಡೆ ಮೊದಲಾಗುವುದು, ಇನ್ನೊಂದು ಕಡೆ ಹಳಸುವುದು! ನಿಘಂಟಿನಲ್ಲಿ ‘ಗೋ’ ಎಂಬ ಪದವನ್ನೂ ‘ಆಫ್’ ಎಂಬ ಪದವನ್ನೂ ಬೇರೆ ಬೇರೆಯಾಗಿ ಎಷ್ಟು ಹುಡುಕಿದರೂ ಈ ಅರ್ಥಗಳು ದೊರೆಯಲಾರವು.

ಹೀಗೆ ಒಂದು ಸಾಧಾರಣ ಕ್ರಿಯಾಪದದೊಡನೆ ‘ಅಪ್, ಡೌನ್, ಔಟ್, ಆಫ್, ಇನ್’ ಮುಂತಾದ ಕಿರುಪದವೊಂದು ಕೂಡಿಕೊಂಡು ಹೊಸ ಅರ್ಥವನ್ನು ಹುಟ್ಟಿಸಿದರೆ ಅದಕ್ಕೆ ಇಂಗ್ಲೀಷಿನಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು. ಈ ಲೇಖನದ ಮಟ್ಟಿಗೆ ನಾವು ಅದನ್ನು ‘ಜೋಡುಕ್ರಿಯೆ’ ಎನ್ನೋಣ. ಇದು ಪರಭಾಷಿಕರಿಗೆ ಬಹಳ ಕಷ್ಟವಾದುದೆಂದು ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದನು. ಸೋಜಿಗವೆಂದರೆ, ಇಂಗ್ಲೀಷನ್ನು ಸುಲಭಗೊಳಿಸಲು ಹೊರಟವರೇ ಈ ಕಷ್ಟವನ್ನು ಹೆಚ್ಚಿಸಿದರು. 1930ರಲ್ಲಿ ಸಿ. ಕೆ. ಆಗ್ಡನ್ ಎಂಬ ವಿದ್ವಾಂಸನು 850 ಪದಗಳ ‘ಬೇಸಿಕ್ ಇಂಗ್ಲಿಷ್’ ಎಂಬುದನ್ನು ರಚಿಸಿದನು. ಅದರಲ್ಲಿ ಕ್ರಿಯಾಪದಗಳು ಹದಿನೆಂಟೇ! ಉಳಿದ ಸಾವಿರಾರು ಕ್ರಿಯಾಪದಗಳ ಕೆಲಸವನ್ನು ಈ ಹದಿನೆಂಟು ಮತ್ತು ಕಿರುಪದಗಳ ಜೋಡಣೆಯಿಂದಲೇ ಮಾಡಿಸುವುದು ಅವನ ಉಪಾಯ. ಲೆಕ್ಕದಲ್ಲಿ ಪದಗಳು ಕಡಿಮೆಯಾದುವು, ನಿಜ. ಆದರೆ ‘ಪುಟ್ ಔಟ್, ಪುಟ್ ಆಫ್, ಪುಟ್ ಅಪ್, ಪುಟ್ ಡೌನ್’ ಎಂಬ ಒಂದೊಂದನ್ನೂ ಬೇರೆ ಬೇರೆಯಾಗಿ ಕಲಿಯಬೇಕಾದ ವಿದ್ಯಾರ್ಥಿಗೆ ಉಳಿತಾಯವಾದುದೇನು? ಚಿಲ್ಲರೆ ನಾಣ್ಯಗಳನ್ನು ನೋಟಿನೊಳಗೆ ಮಡಿಸಿ ಕೊಟ್ಟು ‘ಒಂದೇ ನೋಟು ನೋಡು’ ಎಂದಂತಾಯಿತು.

ಇಷ್ಟಾದರೂ ಕನ್ನಡಿಗನಿಗೆ ಈ ವಿದ್ಯೆ ತೀರ ಹೊಸದಲ್ಲವೆಂಬುದನ್ನು ನಾವು ಮರೆಯಬಾರದು. ನಮ್ಮ ‘ಬಿಡು’ ಎಂಬ ಕ್ರಿಯಾಪದವನ್ನೇ ನೋಡಿರಿ. ಬಾಯಿ ಬಿಟ್ಟನು, ಕೈಬಿಟ್ಟನು, ಕಣ್ಣು ಬಿಟ್ಟನು, ಉಸಿರು ಬಿಟ್ಟನು, ಗಿಡ ಬೇರು ಬಿಟ್ಟಿತು, ಮಳೆ ಹೊಳವಾಗಿ ಬಿಸಿಲು ಬಿಟ್ಟಿತು. ಒಂದೊಂದರ ಅರ್ಥ ಒಂದೊಂದು. ‘ಬಸ್ಸು ದಾರಿಯಲ್ಲಿ ಕೈಕೊಟ್ಟಿತು’ ಎಂದರೆ ಬಸ್ಸಿಗೆ ಕೈ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಇವುಗಳನ್ನು ನಮಗೆ ಪಟ್ಟಿ ಬರೆದು ಯಾರೂ ಕಲಿಸಲಿಲ್ಲ. ಅಜ್ಜಿ ಹೇಳಿದ ಕಥೆಯಲ್ಲಿ, ಅಂಗಳದ ಜಗಳದಲ್ಲಿ, ಕೆಟ್ಟುನಿಂತ ಬಸ್ಸಿನ ಪಕ್ಕದಲ್ಲಿ ನಾವು ಅವನ್ನು ಸಂದರ್ಭಸಹಿತವಾಗಿ ಪಡೆದೆವು. ಅಷ್ಟೇಕೆ, ಇಂಗ್ಲೀಷಿನ ಜೋಡುಕ್ರಿಯೆಗಳಲ್ಲಿಯೂ ಕೆಲವು ನಾಮಪದಗಳಾಗಿ ನಮ್ಮ ಊರಿನಲ್ಲಿ ಆಗಲೇ ನೆಲೆಸಿವೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಮೆಕ್ಯಾನಿಕ್ಕನು ‘ಗಾಡಿಗೆ ಪಿಕಪ್ ಇಲ್ಲ’ ಎನ್ನುತ್ತಾನೆ. ವೇಗವನ್ನು ಬೇಗನೆ ಹೆಚ್ಚಿಸಿಕೊಳ್ಳಲಾರದು, ಎಂದರೆ ವೇಗೋತ್ಕರ್ಷ ಸಾಲದು, ಎಂದು ಅದರ ಅರ್ಥ. ಭೌತಶಾಸ್ತ್ರದ ಪುಸ್ತಕದಲ್ಲಿ ‘ದಿ ಬಾಡಿ ಪಿಕ್ಸ್ ಅಪ್ ಸ್ಪೀಡ್’ ಎಂದು ಬಂದಾಗ ಈ ಮೆಕ್ಯಾನಿಕ್ಕನನ್ನು ನೆನೆದರೆ ಸಾಕು, ನಿಘಂಟು ಬೇಡ.

ವಿಜ್ಞಾನದ ವಿದ್ಯಾರ್ಥಿಗೆ ಈ ಕ್ರಿಯೆಗಳು ಏಕೆ ಅಷ್ಟು ಮುಖ್ಯ? ಮೈಕೆಲ್ ಫ್ಯಾರಡೆಯ ದೃಷ್ಟಾಂತದಿಂದ ಇದು ಸ್ಪಷ್ಟವಾಗುವುದು. ಪುಸ್ತಕ ಕಟ್ಟುವವನ ಬಳಿ ಕೆಲಸಕ್ಕಿದ್ದು ಬೆಳೆದ ಫ್ಯಾರಡೆ ಗ್ರೀಕ್ ಭಾಷೆಯನ್ನು ಬಲ್ಲವನಲ್ಲ. ವಿದ್ಯುದ್ವಿಭಜನೆಗೆ ಹೊಸ ಪದಗಳು ಬೇಕಾದಾಗ ಅವನು ಕೇಂಬ್ರಿಜ್ಜಿನ ವಿಲಿಯಂ ಹ್ಯೂವೆಲ್ ಎಂಬ ಪಂಡಿತನಿಗೆ ಪತ್ರ ಬರೆದು ಕೇಳಿದನು. ‘ಆನೋಡ್’, ‘ಕ್ಯಾಥೋಡ್’, ‘ಅಯಾನ್’ ಎಂಬ ಪದಗಳು 1834ರಲ್ಲಿ ಹೀಗೆ ಹುಟ್ಟಿದುವು. ಇಂಗ್ಲೀಷರಿಗೂ ಅವು ಹೊಸವು, ನಮಗೂ ಹೊಸವು, ಕಷ್ಟ ಸಮಸಮ. ಆದರೆ ಆನೋಡಿನಲ್ಲಿ ಆಮ್ಲಜನಕವು ‘ಈಸ್ ಗಿವನ್ ಆಫ್’ ಎನ್ನುವಾಗ ಆ ‘ಗಿವನ್ ಆಫ್’ ಎಂಬುದು ಇಂಗ್ಲೀಷ್ ಹುಡುಗನಿಗೆ ಅವನ ತಾಯಿಯಿಂದ ಬಂದ ಮಾತು, ನಮ್ಮ ಹುಡುಗನಿಗೆ ಎಲ್ಲಿಂದಲೂ ಬಾರದ ಮಾತು. ಪಾರಿಭಾಷಿಕ ಪದಗಳಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಡುತ್ತಾರೆ. ಈ ಸಣ್ಣ ಕ್ರಿಯೆಗಳಲ್ಲಿ ನಮ್ಮವರು ನೂರು ಗಜ ಹಿಂದೆ ನಿಂತು ಓಡಬೇಕಾಗಿದೆ. ಮೇಲಾಗಿ, ಪಾರಿಭಾಷಿಕ ಪದಗಳೇ ಎಷ್ಟೋ ಕಡೆ ಜೋಡುಕ್ರಿಯೆಗಳಿಂದ ಆಗಿವೆ: ‘ಬ್ರೇಕ್‌ಡೌನ್ ವೋಲ್ಟೇಜ್’, ‘ಕಟಾಫ್ ಫ್ರೀಕ್ವೆನ್ಸಿ’, ‘ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್’. ಇನ್ನು ‘ವರ್ಕ್ ಔಟ್ ದಿ ವರ್ಕ್ ಡನ್’ ಎಂಬ ಪ್ರಶ್ನೆಯಲ್ಲಿ ಮೊದಲನೆಯ ‘ವರ್ಕ್’ ಲೆಕ್ಕ ಮಾಡುವುದು, ಎರಡನೆಯದು ಬಲವನ್ನೂ ಸ್ಥಾನಾಂತರವನ್ನೂ ಗುಣಿಸಿ ಬರುವ ಕಾರ್ಯ. ಪ್ರಶ್ನೆ ಹಾಕಿದವರಿಗೆ ಇದರಲ್ಲಿ ಏನೂ ವಿಶೇಷ ಕಂಡಿರಲಾರದು.

ಪರಿಹಾರವೇನು? ಪೇಟೆಯಲ್ಲಿ ದೊರೆಯುವ ಗೈಡುಗಳು ನೂರು, ಇನ್ನೂರು ಜೋಡುಕ್ರಿಯೆಗಳನ್ನು ಅಕಾರಾದಿಯಾಗಿ ಪಟ್ಟಿಮಾಡಿ ಎದುರಿಗೆ ಅರ್ಥ ಬರೆದಿರುತ್ತವೆ. ‘ಗಿವ್ ಅಪ್, ಗಿವ್ ಇನ್, ಗಿವ್ ಔಟ್, ಗಿವ್ ಆಫ್, ಗಿವ್ ಅವೇ’ ಎಂದು ಒಂದರ ಕೆಳಗೊಂದು. ಕಂಠಪಾಠ ಮಾಡಲು ಇದಕ್ಕಿಂತ ಕೆಟ್ಟ ಏರ್ಪಾಡನ್ನು ಊಹಿಸುವುದು ಕಷ್ಟ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞನು ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಸಲ ಹೇಳಿದರೆ ನೆನಪಿಗೆ ಬರುತ್ತದೆ, ಎಷ್ಟು ಹೊತ್ತಿನಲ್ಲಿ ಮರೆಯುತ್ತದೆ ಎಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಆಗತಾನೆ ಕಲಿತುದರಲ್ಲಿ ಬಹುಭಾಗ ಮೊದಲ ದಿನವೇ ಜಾರಿಹೋಗುತ್ತಿದ್ದಿತು. ಅದೇ ಮನುಷ್ಯನು ಬೈರನ್ ಕವಿಯ ಕಥನಕಾವ್ಯದ ಪದ್ಯಗಳನ್ನು ಕಲಿತಾಗ ಬೇಕಾದ ಶ್ರಮ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಒಂದೇ ತೆರನಾದ ಐದು ‘ಗಿವ್’ಗಳ ಪಟ್ಟಿ ನಮ್ಮ ವಿದ್ಯಾರ್ಥಿಯ ಪಾಲಿಗೆ ಅರ್ಥವಿಲ್ಲದ ಉಚ್ಚಾರಗಳ ಸಾಲೇ ಅಲ್ಲವೆ? ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಂಡು ಪರೀಕ್ಷೆಯ ದಿನ ಎಲ್ಲವೂ ಕಲಸಿಹೋಗುತ್ತವೆ.

ಆದುದರಿಂದ ಸಣ್ಣ ಕಥೆಯೇ ಸರಿಯಾದ ಮಾರ್ಗವೆಂದು ನಮ್ಮ ವಾದ. ಇದು ನಮ್ಮ ಹೊಸ ಕಾಣ್ಕೆಯೇನಲ್ಲ. ಢಾಕಾದಲ್ಲಿ ಉಪಾಧ್ಯಾಯರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ ಎಂಬಾತನು ಬಂಗಾಳದ ಮಕ್ಕಳಿಗೆ ಮುಖ್ಯವಾಗಿ ಬೇಕಾಗಿರುವುದು ಇಂಗ್ಲೀಷನ್ನು ಓದಿ ವಿಷಯ ತಿಳಿಯುವ ಶಕ್ತಿಯೆಂದು ಕಂಡುಕೊಂಡು 1926ರಲ್ಲಿ ತನ್ನ ಪರಿಶೋಧನೆಯನ್ನು ಪ್ರಕಟಿಸಿದನು. ಹೊಸ ಪದಗಳನ್ನು ಮಿತವಾಗಿ ಬಿಡುತ್ತ, ಬಂದ ಪದವನ್ನು ಮತ್ತೆ ಮತ್ತೆ ತರುತ್ತ, ಕಥೆಗಳಿಂದ ತುಂಬಿದ ವಾಚಕಗಳನ್ನು ಬರೆದನು. ನಮ್ಮ ಹಳ್ಳಿಯ ಹುಡುಗನಂತಹ ಹುಡುಗನನ್ನು ಕಣ್ಣಮುಂದೆ ಇಟ್ಟುಕೊಂಡು ಆದ ಕೆಲಸವದು.

ಅಂಥ ಕಥೆಯೊಂದರ ಮಾದರಿಯನ್ನು ಇಲ್ಲಿ ಕೊಡುತ್ತೇವೆ. ಮೂಲವನ್ನು ಇಂಗ್ಲೀಷಿನಲ್ಲಿಯೇ ಓದಿಸಬೇಕು. ಇಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳಿ ಜೋಡುಕ್ರಿಯೆಗಳನ್ನು ಮಾತ್ರ ಹಾಗೆಯೇ ಉಳಿಸಿದ್ದೇವೆ.

ನಾಳೆ ಪರೀಕ್ಷೆ. ವಿದ್ಯಾರ್ಥಿನಿಲಯದಲ್ಲಿ ಹತ್ತೂವರೆಗೆ ದೀಪ ಆರಿಸಬೇಕೆಂಬ ಕಟ್ಟಳೆ. ರಂಗನಿಗೆ ಇನ್ನೂ ಒಂದು ಅಧ್ಯಾಯ ಉಳಿದಿದೆ. ಕಂಬಳಿಯೊಳಗೆ ಟಾರ್ಚ್ ಹಿಡಿದು ಓದತೊಡಗಿದನು. ಅರ್ಧ ಗಂಟೆಯಲ್ಲಿ ಅದರ ಸೆಲ್ಲುಗಳು ‘ಗೇವ್ ಔಟ್’, ಶಕ್ತಿಯುಡುಗಿ ಕೈಕೊಟ್ಟವು. ಪಕ್ಕದ ಮಂಚದ ಚಂದ್ರನು ‘ಗೇವ್ ಅಪ್’, ‘ಇನ್ನು ನನ್ನ ಕೈಲಾಗದಪ್ಪ’ ಎಂದು ಪುಸ್ತಕ ಮುಚ್ಚಿ ಮಲಗಿದನು. ರಂಗನು ಒಂದು ಮೋಂಬತ್ತಿ ಹಚ್ಚಿದನು. ಅದು ಓದಲು ಸಾಕಾಗುವಷ್ಟು ಬೆಳಕನ್ನು ‘ಗೇವ್ ಆಫ್’, ಹೊರಸೂಸಿತು. ಅಷ್ಟರಲ್ಲಿ ಹೊರಗೆ ವಾರ್ಡನ್ನರ ಹೆಜ್ಜೆಯ ಸಪ್ಪಳ. ರಂಗನು ದೀಪವನ್ನು ಉಫ್ ಎಂದು ಊದಿ ಮುಸುಕೆಳೆದುಕೊಂಡನು. ಕೋಣೆಯೆಲ್ಲ ಕತ್ತಲು, ನಿಶ್ಶಬ್ದ. ಆದರೆ ಆರಿದ ಬತ್ತಿಯು ಎಳೆಯಾಗಿ ಬಿಳಿಯ ಹೊಗೆಯನ್ನು ‘ಗೇವ್ ಆಫ್’. ಆ ವಾಸನೆಯೇ ಅವನನ್ನು ‘ಗೇವ್ ಅವೇ’, ಗುಟ್ಟನ್ನು ರಟ್ಟುಮಾಡಿತು. ವಾರ್ಡನ್ನರು ನೇರವಾಗಿ ಬಂದು ದಿಂಬಿನ ಕೆಳಗಿನ ಮೋಂಬತ್ತಿಯನ್ನು ಕೈಗೆ ತೆಗೆದುಕೊಂಡರು. ‘ಒಂದೇ ಒಂದು ಅಧ್ಯಾಯ ಸಾರ್’ ಎಂದು ರಂಗನು ಬೇಡಿಕೊಂಡನು. ಅವರು ಸ್ವಲ್ಪ ಹೊತ್ತು ಬಿಗಿಯಾಗಿ ನಿಂತಿದ್ದು ಕಡೆಗೆ ‘ಗೇವ್ ಇನ್’, ಮಣಿದರು. ಮೋಂಬತ್ತಿಯನ್ನು ‘ಗೇವ್ ಬ್ಯಾಕ್’.

ಇಷ್ಟೇ ಕಥೆ. ಇದರಲ್ಲಿ ನಿಜವಾಗಿ ‘ಕೊಟ್ಟುದು’ ಕೊನೆಯ ಮಾತಿನಲ್ಲಿ ಮಾತ್ರ. ಉಳಿದ ಕಡೆ ಸೆಲ್ಲು, ಗೆಳೆಯ, ಬತ್ತಿ, ವಾಸನೆ, ವಾರ್ಡನ್ನರ ಮುಖ, ಈ ಒಂದೊಂದು ಗೂಟಕ್ಕೆ ಒಂದೊಂದು ಅರ್ಥ ನೇತುಹಾಕಲ್ಪಟ್ಟಿದೆ. ಒಂದು ಇನ್ನೊಂದರೊಡನೆ ಬೆರೆಯುವ ಭಯವಿಲ್ಲ. ನಮಗೆ ಬೇಕಾದ ‘ಗಿವ್ ಆಫ್’ ಎರಡು ಸಲ ಬಂದಿದೆ, ಒಮ್ಮೆ ಬೆಳಕಿಗೆ, ಒಮ್ಮೆ ಆವಿಗೆ. ಎರಡನೆಯದಂತೂ ದೀಪ ಆರಿದ ಮೇಲೆಯೇ. ‘ಆಫ್’ ಎಂದರೆ ನಿಲ್ಲುವುದೆಂಬ ಭ್ರಮೆ ಅಲ್ಲಿಗೆ ಕಳಚಿತು. ಇಷ್ಟು ಸಾಲದೆ ಕಥೆಯಲ್ಲಿ ಭೌತಶಾಸ್ತ್ರವೂ ಉಂಟು. ಆ ಬಿಳಿಯ ಹೊಗೆ ಮಸಿಯ ಹೊಗೆಯಲ್ಲ. ಮೇಣದ ಆವಿಯು ತಣಿದು ಆದ ಸೂಕ್ಷ್ಮ ಕಣಗಳು. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ ಆ ಎಳೆಯ ನಡುವೆ ಹಿಡಿದರೆ ಉರಿಯು ಎಳೆಯ ಗುಂಟ ಓಡಿ ಬತ್ತಿಯನ್ನು ಹೊತ್ತಿಸುತ್ತದೆ. 1860ರ ಕ್ರಿಸ್‌ಮಸ್ ರಜೆಯಲ್ಲಿ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಆರಂಭಿಸಿದ ಮೋಂಬತ್ತಿಯ ಉಪನ್ಯಾಸಗಳಲ್ಲಿ ಇದನ್ನು ಮಾಡಿ ತೋರಿಸಿದ್ದನು. ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ನೀವೂ ಮಾಡಿ ನೋಡಬಹುದು.

ಕಥೆಗಳು ನಮ್ಮ ನೆಲದವೇ ಆಗಿರಬೇಕೆಂಬುದು ನಮ್ಮ ಇನ್ನೊಂದು ಆಗ್ರಹ. ಹಿಮದ ಮೇಲೆ ಜಾರುವ ಟಾಮನ ಕಥೆಯನ್ನು ಓದುವ ಹುಡುಗನು ಕ್ರಿಯೆಯನ್ನೂ ಕಲಿಯಬೇಕು, ಹಿಮವನ್ನೂ ಊಹಿಸಿಕೊಳ್ಳಬೇಕು. ಭದ್ರಾವತಿಯಲ್ಲಿ ಅದರ ಅಗತ್ಯವೇನಿದೆ? ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಕಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರ ಜನವರಿ 18ರಂದು ಕೆಲಸಕ್ಕೆ ತೊಡಗಿತು. ಊದುಕುಲುಮೆಗೆ ಮೊದಲ ಸಲ ಗಾಳಿ ಹಾಯಿಸಿ ಕೆಲಸ ಆರಂಭಿಸುವುದಕ್ಕೆ ಕಬ್ಬಿಣದವರ ಇಂಗ್ಲೀಷಿನಲ್ಲಿ ‘ಬ್ಲೋ ಇನ್’ ಎಂದು ಹೆಸರು. ಕೆಲಸ ನಿಲ್ಲಿಸಿ ತಣಿಸುವುದಕ್ಕೆ ‘ಬ್ಲೋ ಔಟ್’. ಸಾಮಾನ್ಯ ನಿಘಂಟಿನಲ್ಲಿ ‘ಬ್ಲೋ ಇನ್’ ಎಂಬುದಕ್ಕೆ ಹೇಳದೆ ಕೇಳದೆ ಬಂದಿಳಿಯುವುದು ಎಂಬ ಅರ್ಥ ಕಂಡೀತು. ಕುಲುಮೆಯು ಅತಿಥಿಯಂತೆ ಬಂದಿತೆ?

ಅಲ್ಲಿಯ ಕೆಲಸವನ್ನೇ ಒಂದು ಕಥೆಯಾಗಿ ಹೇಳಬಹುದು. ಮಲೆನಾಡಿನ ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಅದರ ಆವಿಯನ್ನು ‘ಡ್ರೈವ್ ಆಫ್’ ಮಾಡುತ್ತಿದ್ದರು. ಆವಿಯನ್ನು ‘ಕೂಲ್ ಡೌನ್’ ಮಾಡಿದರೆ ಡಾಂಬರು ಮೊದಲಾದ ದ್ರವಗಳು. ಪಾತ್ರೆಯಲ್ಲಿ ಉಳಿದುದು ಇದ್ದಿಲು. ಕೆಮ್ಮಣ್ಣುಗುಂಡಿಯ ಅದಿರನ್ನೂ ಇದ್ದಿಲನ್ನೂ ಕುಲುಮೆಗೆ ಸುರಿದರೆ, ಕರಗಿದ ಕಬ್ಬಿಣವು ಬುಡದ ಕಿಂಡಿಯಿಂದ ‘ರನ್ಸ್ ಔಟ್’, ಹರಿದು ಹೊರಬರುತ್ತದೆ. ಆದರೆ ಇದ್ದಿಲಿಗಾಗಿ ಕಾಡನ್ನು ಕಡಿಯುತ್ತಲೇ ಹೋದರೆ ಮರವೂ ಒಂದು ದಿನ ‘ರನ್ಸ್ ಔಟ್’, ತೀರಿಹೋಗುತ್ತದೆ! 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದುವು. ಕಾಯಿಸುವ ಕೆಲಸ ವಿದ್ಯುತ್ತಿನದಾದುದರಿಂದ ಇದ್ದಿಲು ಅದಿರಿನ ಆಮ್ಲಜನಕವನ್ನು ಕಳೆಯುವುದಕ್ಕಷ್ಟೇ ಬೇಕಾಯಿತು. ಜೋಗದ ಕಡೆಯಿಂದ ಬರುವ ವಿದ್ಯುತ್ತಿನ ವೋಲ್ಟೇಜನ್ನು ಅಲ್ಲಿ ‘ಸ್ಟೆಪ್ ಅಪ್’ ಮಾಡಿ ಇಲ್ಲಿ ‘ಸ್ಟೆಪ್ ಡೌನ್’ ಮಾಡುತ್ತಾರೆ. ಇನ್ನು ‘ಷಟ್ ಡೌನ್’, ‘ಲೇ ಆಫ್’ ಎಂಬ ಮಾತುಗಳನ್ನು ಭದ್ರಾವತಿಯ ಮಕ್ಕಳಿಗೆ ನಾವು ಕಲಿಸಬೇಕಾಗಿಲ್ಲ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದುವು; ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಅದರ ಒಡೆತನದ ಸಂಸ್ಥೆ ಪ್ರಕಟಿಸಿದಾಗ ಆ ಮಾತುಗಳು ಮನೆಮನೆಯ ಊಟದ ಹೊತ್ತಿನಲ್ಲಿ ಕೇಳಿಬಂದುವು.

ಕಥೆಗಳೇಕೆ, ಕಿರುಪದಗಳಿಗೆ ನಿಯಮ ಕಲಿಸಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ‘ಆಫ್’ ಎಂದರೆ ಬೇರ್ಪಡುವುದು, ‘ಅಪ್’ ಎಂದರೆ ಪೂರ್ತಿಯಾಗುವುದು, ಹೀಗೆ. ಇದರಲ್ಲಿ ತಥ್ಯವಿಲ್ಲದೆ ಇಲ್ಲ. ‘ಗಿವ್ ಆಫ್, ಡ್ರೈವ್ ಆಫ್, ಕಟ್ ಆಫ್’ ಮೂರರಲ್ಲಿಯೂ ಏನೋ ಒಂದು ಬೇರ್ಪಟ್ಟು ಹೋಗುತ್ತದೆ. ಆದರೆ ಕಾಗದ ‘ಬರ್ನ್ಸ್ ಅಪ್’, ಮನೆ ‘ಬರ್ನ್ಸ್ ಡೌನ್’, ಬಲ್ಬು ‘ಬರ್ನ್ಸ್ ಔಟ್’ ಏಕೆ? ‘ಸ್ಲೋ ಅಪ್’ ಎಂದರೂ ‘ಸ್ಲೋ ಡೌನ್’ ಎಂದರೂ ವೇಗ ತಗ್ಗುವುದೇ. ನಿಯಮವು ಅನುಭವದ ಹಿಂದೆ ಬರಬೇಕು, ಮುಂದೆ ಅಲ್ಲ. ಟೈಕೋ ಬ್ರಾಹೆಯ ವೀಕ್ಷಣೆಗಳು ಕೈಯಲ್ಲಿದ್ದುದರಿಂದಲೇ ಕೆಪ್ಲರನು ಗ್ರಹಗಳ ನಿಯಮವನ್ನು ಕಂಡನು. ಮೂವತ್ತು ಕಥೆಗಳನ್ನು ಓದಿದ ಹುಡುಗಿಗೆ ‘ಆಫ್’ ಎಂಬುದರ ಪ್ರವೃತ್ತಿ ತಾನಾಗಿ ಗೋಚರಿಸುವುದು. ಆಗ ನಿಯಮವನ್ನು ಹೇಳಿದರೆ ‘ಹೌದಲ್ಲ’ ಎನ್ನುತ್ತಾಳೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ವಿಜ್ಞಾನವನ್ನು ಕನ್ನಡದಲ್ಲಿಯೇ ಕಲಿಸಿದರೆ ಈ ತೊಡಕೇ ಇರುವುದಿಲ್ಲವಲ್ಲ? ಒಪ್ಪಿದೆವು. ಈ ಜಿಲ್ಲೆಯ ಕುಪ್ಪಳಿಯಿಂದ ಬಂದ ಕುವೆಂಪು ಅವರು ಜೀವಮಾನವೆಲ್ಲ ವಾದಿಸಿದುದು ಕನ್ನಡ ಮಾಧ್ಯಮದ ಪರವಾಗಿಯೇ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಅದು ಸಾಧ್ಯವೆಂದು ತೋರಿಸಿದರು. ಆ ಕೆಲಸ ಇನ್ನೂ ಬಲವಾಗಿ ನಡೆಯಬೇಕು. ಆದರೆ ಬರುವ ಜೂನ್ ತಿಂಗಳಲ್ಲಿ ಇಂಗ್ಲೀಷಿನ ಭೌತಶಾಸ್ತ್ರದ ಪುಸ್ತಕವನ್ನು ಮೊದಲ ಸಲ ಬಿಡಿಸಲಿರುವ ಹುಡುಗನಿಗೆ ‘ಸ್ವಲ್ಪ ತಡೆ, ಕಾಲ ಬದಲಾಗುತ್ತದೆ’ ಎಂದು ಹೇಳಿ ಕೂರಿಸುವ ಹಕ್ಕು ನಮಗಿಲ್ಲ. ಈ ಕ್ರಿಯೆಗಳನ್ನು ಕಲಿಸುವುದು ಇಂಗ್ಲೀಷ್ ವಿಭಾಗದವರ ಕರ್ತವ್ಯವೆಂದು ಕೈ ತೊಳೆದುಕೊಳ್ಳುವುದೂ ಸಲ್ಲದು. ‘ರೀಡ್ ಆಫ್’, ‘ಸೆಟ್ ಅಪ್’, ‘ಡೈ ಅವೇ’ ಇವು ಎಲ್ಲಿ ಹೇಗೆ ಬರುತ್ತವೆಂದು ಬಲ್ಲವರು ವಿಜ್ಞಾನದ ಉಪಾಧ್ಯಾಯರು. ವಾರಕ್ಕೊಂದು ಅರ್ಧ ಪುಟದ ಕಥೆಯನ್ನು ಬರೆದು ಗೋಡೆಗೆ ಅಂಟಿಸುವುದು ಅವರಿಗೆ ದೊಡ್ಡ ಹೊರೆಯಲ್ಲ.

ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು. ಪಠ್ಯದಲ್ಲಿ ಜೋಡುಕ್ರಿಯೆ ಕಂಡರೆ ಅದನ್ನೊಂದನ್ನೇ ಬರೆದುಕೊಳ್ಳಬೇಡಿರಿ. ಅದು ಬಂದ ವಾಕ್ಯವನ್ನು ಇಡಿಯಾಗಿ ಬರೆಯಿರಿ. ಅಂಥ ಐದಾರು ವಾಕ್ಯಗಳಾದಾಗ ಅವೆಲ್ಲ ಬರುವಂತೆ ನಿಮ್ಮ ಕೇರಿಯ, ನಿಮ್ಮ ಪ್ರಯೋಗಶಾಲೆಯ ಒಂದು ಕಥೆ ಕಟ್ಟಿರಿ. ವ್ಯಾಕರಣ ಓರೆಕೋರೆಯಾದರೆ ಆಗಲಿ, ಮೇಷ್ಟರು ತಿದ್ದುತ್ತಾರೆ. ಬಳಿಕ ಅದನ್ನು ಪುಸ್ತಕ ನೋಡದೆ ಗೆಳೆಯನಿಗೆ ಇಂಗ್ಲೀಷಿನಲ್ಲಿ ಹೇಳಿರಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನವೂ ‘ಅಪ್ ಅಂಡ್ ಡೌನ್’ ಮಾಡುವವರಿಗೆ ಸುಮಾರು 20 ಕಿಲೋಮೀಟರಿನ ದಾರಿಯುಂಟು. ಹೋಗುವಾಗ ಒಬ್ಬನು ಹೇಳಿದರೆ ಬರುವಾಗ ಇನ್ನೊಬ್ಬನು ಹೇಳಬಹುದು.